ಟ್ಯೂಡರ್ ಅರಮನೆಯ ರಾಣಿಯರು ಮತ್ತು ಸಖಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟನೇ ಹೆನ್ರಿಯ ಹೆಸರು ಬಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: ಎಷ್ಟು ಹೆಂಡತಿಯರ ತಲೆ ತೆಗೆಸಿದ? ಎರಡು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದ ಪ್ರಶ್ನೆಗಳಿಗೆ ಜಾಗ ಸಿಗುತ್ತದೆ. ಆ ಅರಮನೆಯಲ್ಲಿ ಹೆಂಗಸರು ದಿನ ಕಳೆಯುತ್ತಿದ್ದದ್ದು ಹೇಗೆ, ಕೆಲಸ ಸಿಗುತ್ತಿದ್ದದ್ದು ಹೇಗೆ, ಯಾರಿಗೆ ಯಾರ ಭಯ ಇತ್ತು ಅನ್ನುವುದು ತಲೆ ತೆಗೆಸಿದ ಕತೆಗಿಂತ ನನಗೆ ಜಾಸ್ತಿ ರುಚಿಸುತ್ತದೆ.

ಟ್ಯೂಡರ್ ಕಾಲ ಅಂದರೆ ಯಾವಾಗ?

1485ರಿಂದ 1603ರವರೆಗೆ, ಇಂಗ್ಲೆಂಡಿನಲ್ಲಿ. ಏಳನೇ ಹೆನ್ರಿಯಿಂದ ಶುರು, ಮೊದಲನೇ ಎಲಿಜಬೆತ್‌ ಸತ್ತಾಗ ಮುಗಿಯಿತು. ನಮಗೆ ನೆನಪಿಟ್ಟುಕೊಳ್ಳಲು ಒಂದು ಸುಲಭದ ಗುರುತು: ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ, ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ ವರ್ಷವೇ.

ಹೆನ್ರಿಯ ಆರು ಜನ ರಾಣಿಯರೂ ಒಂದೇ ಅಂತಃಪುರದಲ್ಲಿ ಇದ್ದರಾ?

ಇಲ್ಲ. ನಮ್ಮ ಕತೆಗಳಲ್ಲಿ ರಾಜ ಅಂದರೆ ಪಟ್ಟದ ರಾಣಿ ಒಬ್ಬಳು, ಉಳಿದವರು ಹತ್ತಾರು. ಅಲ್ಲಿ ಹಾಗಿಲ್ಲ. ಕ್ರೈಸ್ತ ಧರ್ಮದ ಪ್ರಕಾರ ರಾಜನಿಗೂ ಒಂದು ಸಲಕ್ಕೆ ಒಬ್ಬಳೇ ಹೆಂಡತಿ. ಎಲ್ಲ ರಗಳೆ ಹುಟ್ಟಿದ್ದೇ ಇದರಿಂದ. ಇನ್ನೊಬ್ಬಳನ್ನು ತರಬೇಕಾದರೆ ಇದ್ದವಳು ಸಾಯಬೇಕು, ಇಲ್ಲವೇ ಆ ಮದುವೆ ಮೊದಲಿಂದಲೂ ಮದುವೆಯೇ ಅಲ್ಲ ಅಂತ ಸಾಬೀತಾಗಬೇಕು.

ಸಾಲಾಗಿ ಹೇಳುವುದಾದರೆ: ಅರಗಾನ್‌ನ ಕ್ಯಾಥರಿನ್ (ಮದುವೆ ರದ್ದು), ಆನ್ ಬೊಲಿನ್ (1536ರಲ್ಲಿ ಶಿರಚ್ಛೇದ), ಜೇನ್ ಸೀಮೋರ್ (1537ರಲ್ಲಿ ಬಾಣಂತಿಯಾಗಿದ್ದಾಗ ಸಾವು), ಕ್ಲೀವ್ಸ್‌ನ ಆನ್ (ಮದುವೆ ರದ್ದು), ಕ್ಯಾಥರಿನ್ ಹೋವರ್ಡ್ (1542ರಲ್ಲಿ ಶಿರಚ್ಛೇದ), ಕ್ಯಾಥರಿನ್ ಪಾರ್ (ಗಂಡನಿಗಿಂತ ಹೆಚ್ಚು ದಿನ ಬದುಕಿದಳು). ಮೂರು ಜನ ಕ್ಯಾಥರಿನ್, ಇಬ್ಬರು ಆನ್. ಗೊಂದಲ ಆಗುವುದು ಸಹಜ.

ರಾಣಿಯ ಸುತ್ತ ಇದ್ದ ಹೆಂಗಸರು ಯಾರು? ದಾಸಿಯರಾ?

ದಾಸಿ ಅನ್ನುವುದು ತಪ್ಪು. ಹೆಚ್ಚಿನವರು ಶ್ರೀಮಂತರ ಮನೆಯವರು, ಕೆಲವರು ಕೌಂಟೆಸ್‌ಗಳು, ಡಚೆಸ್‌ಗಳು. ಅವರಲ್ಲೂ ಮೆಟ್ಟಿಲುಗಳಿದ್ದವು. ಮೇಲೆ ದೊಡ್ಡ ಮನೆತನದ ಮದುವೆಯಾದ ಹೆಂಗಸರು. ಆಮೇಲೆ ರಾಣಿಯ ಖಾಸಗಿ ಕೋಣೆಯೊಳಗೆ ಹೋಗಿಬರುವ ಸಖಿಯರು. ಆಮೇಲೆ ಮದುವೆಯಾಗದ ಹುಡುಗಿಯರು, ಅವರಿಗೆ ಮೇಡ್ಸ್ ಆಫ್ ಆನರ್ ಅನ್ನುತ್ತಿದ್ದರು. ಈ ಹುಡುಗಿಯರ ಮೇಲೆ ಕಣ್ಣಿಡಲು ಒಬ್ಬ ಹಿರಿಯ ಹೆಂಗಸು ಇರುತ್ತಿದ್ದಳು, ಆಕೆಯ ಹುದ್ದೆಯ ಹೆಸರೇ ‘ಹುಡುಗಿಯರ ತಾಯಿ’. ನಮ್ಮ ಹಾಸ್ಟೆಲ್ ವಾರ್ಡನ್ ಇದ್ದ ಹಾಗೆ. ಅವರ ಕೆಳಗೆ ಕೋಣೆ ಗುಡಿಸಿ ಹಾಸಿಗೆ ಹಾಸುವವರು, ಬಟ್ಟೆ ಒಗೆಯುವವಳು.

ಯಾರು ಎಷ್ಟು ದೊಡ್ಡವರು ಅನ್ನುವುದು ಗೊತ್ತಾಗುತ್ತಿದ್ದದ್ದು ಬಾಗಿಲಿನಿಂದ. ಅರಮನೆ ಅಂದರೆ ಒಂದರೊಳಗೊಂದು ಕೋಣೆ. ಹೊರಗಿನ ಕೋಣೆಗೆ ಬಹಳ ಜನ ಬರಬಹುದು. ಒಳಕ್ಕೆ ಹೋದಂತೆ ಜನ ಕಡಿಮೆ. ರಾಣಿ ಮಲಗುವ ಕೋಣೆಗೆ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಪ್ರವೇಶ.

ಇಂಥ ಕೆಲಸ ಸಿಗುತ್ತಿದ್ದದ್ದು ಹೇಗೆ?

ವಶೀಲಿಯಿಂದ. ಮತ್ತೆ ಲಾವಕ್ಕಿಯಿಂದ.

ತಮಾಷೆ ಅಲ್ಲ. 1537ರಲ್ಲಿ ಜೇನ್ ಸೀಮೋರ್ ಬಸುರಿ. ಆಕೆಗೆ ಲಾವಕ್ಕಿ ಮಾಂಸದ ಬಯಕೆ. ಆಗ ಫ್ರಾನ್ಸಿನ ಕರಾವಳಿಯ ಕ್ಯಾಲೆ ಪಟ್ಟಣ ಇಂಗ್ಲೆಂಡಿನ ಕೈಯಲ್ಲಿತ್ತು, ಅಲ್ಲಿನ ಅಧಿಕಾರಿ ಲಾರ್ಡ್ ಲೈಲ್. ಅವನ ಹೆಂಡತಿ ಹಾನರ್‌ಗೆ ಮೊದಲ ಗಂಡನಿಂದ ಹುಟ್ಟಿದ ಹೆಣ್ಣುಮಕ್ಕಳಿದ್ದರು. ಅವರಲ್ಲಿ ಕ್ಯಾಥರಿನ್ ಬ್ಯಾಸೆಟ್ ಮತ್ತು ಆನ್ ಬ್ಯಾಸೆಟ್ ಇಬ್ಬರನ್ನು ರಾಣಿಯ ಸೇವೆಗೆ ಸೇರಿಸಬೇಕು ಅಂತ ತಾಯಿಯ ಹಠ. ಕ್ಯಾಲೆಯಿಂದ ಸಮುದ್ರ ದಾಟಿಸಿ ಲಾವಕ್ಕಿಗಳನ್ನು ಕಳಿಸಿದಳು.

ಲಂಡನ್ನಿನಲ್ಲಿ ಅವರ ಕಡೆಯ ಆಳು ಜಾನ್ ಹ್ಯೂಸಿ. ಮುಂದಿನದನ್ನು ಅವನು ಕಾಗದದಲ್ಲಿ ಬರೆದಿದ್ದಾನೆ. ಒಂದು ಗುರುವಾರ ರಾಣಿ ಊಟಕ್ಕೆ ಕೂತಿದ್ದಾಳೆ. ಬಡಿಸುತ್ತಿರುವವರು ಲೇಡಿ ರಟ್ಲಂಡ್ ಮತ್ತು ಲೇಡಿ ಸಸೆಕ್ಸ್. ಲಾವಕ್ಕಿ ತಿನ್ನುತ್ತಾ ತಿನ್ನುತ್ತಾ ರಾಣಿಗೆ ಅದನ್ನು ಕಳಿಸಿದವಳ ನೆನಪಾಯಿತು, ಅವಳ ಹೆಣ್ಣುಮಕ್ಕಳ ಮಾತು ಬಂತು. ಬಡಿಸುತ್ತಿದ್ದ ಇಬ್ಬರೂ ಅಲ್ಲೇ ಮಾತು ಸೇರಿಸಿದರು. ಇಬ್ಬರನ್ನೂ ಕರೆಸಿ, ನೋಡಿ, ಒಬ್ಬಳನ್ನು ಇಟ್ಟುಕೊಳ್ಳುತ್ತೇನೆ ಅಂದಳು ರಾಣಿ. ಜೊತೆಗೆ ಷರತ್ತು: ಎರಡು ಜೊತೆ ಒಳ್ಳೆಯ ಉಡುಪು ತವರಿನಿಂದಲೇ ತರಬೇಕು, ಒಂದು ಸ್ಯಾಟಿನ್, ಒಂದು ಡಮಾಸ್ಕ್, ಅಂದರೆ ನೇಯ್ಗೆಯಲ್ಲೇ ಚಿತ್ತಾರ ಇರುವ ಬಟ್ಟೆ.

ಹುಡುಗಿ ನೋಡುವ ಶಾಸ್ತ್ರದ ಹಾಗೇ ಇದೆ, ಅಲ್ವಾ? ಆಯ್ಕೆಯಾದವಳು ಕಿರಿಯವಳು, ಆನ್. ಅಕ್ಕ ಲೇಡಿ ರಟ್ಲಂಡ್ ಮನೆ ಸೇರಿದಳು.

ಅಲ್ಲಿಗೆ ಮುಗಿಯಲಿಲ್ಲ. ಆನ್ ಫ್ರಾನ್ಸಿನಲ್ಲಿ ಬೆಳೆದ ಹುಡುಗಿ. ತಲೆಗೆ ಫ್ರೆಂಚ್ ಹುಡ್, ಅಂದರೆ ಹಿಂದಕ್ಕೆ ಸರಿದು ಮುಂಗೂದಲು ಕಾಣಿಸುವ ಟೊಪ್ಪಿಗೆ. ಅದು ಆನ್ ಬೊಲಿನ್‌ಳ ಜೊತೆ ನೆನಪಾಗುವ ಫ್ಯಾಷನ್. ಜೇನ್ ಸೀಮೋರ್‌ಗೆ ಅದು ಬೇಡ, ಇಂಗ್ಲಿಷ್ ಮಾದರಿಯ ವೆಲ್ವೆಟ್ ಬಾನೆಟ್ಟೇ ಆಗಬೇಕು. ಒಳಗಿನ ಲಿನನ್ ಅಂಗಿಯೂ ಒರಟಾಯಿತು, ನಯದ್ದು ಕಳಿಸಿ ಅಂತ ತಾಯಿಗೆ ಹೇಳಿಹೋಯಿತು. ಹುಡುಗಿಗೆ ಬಾನೆಟ್ ಹಾಕಿಸಿದ್ದನ್ನು ನೋಡಿದ ಹ್ಯೂಸಿ, ಫ್ರೆಂಚ್ ಹುಡ್‌ನಷ್ಟು ಇದು ಒಪ್ಪುವುದಿಲ್ಲ, ಆದರೆ ರಾಣಿಯ ಮರ್ಜಿ ನಡೆಯಲೇಬೇಕು ಅಂತ ಬರೆದ. ಹೇಳಿಕೇಳಿ ವ್ಯವಹಾರದ ಆಳು, ಅವನಿಗೂ ಹುಡುಗಿ ಮೇಲೆ ಅಯ್ಯೋ ಅನ್ನಿಸಿರಬೇಕು.

ಆನ್ ಸೇರಿದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರ್ 24ಕ್ಕೆ ರಾಣಿಯೇ ಸತ್ತಳು. ಅಷ್ಟು ಪಾಡುಪಟ್ಟು ಗಿಟ್ಟಿಸಿದ ಕೆಲಸ ಎರಡು ತಿಂಗಳೂ ಬಾಳಲಿಲ್ಲ. ರಾಣಿ ಇಲ್ಲ ಅಂದಮೇಲೆ ರಾಣಿಯ ಮನೆಯೂ ಇಲ್ಲ, ಹುಡುಗಿಯರೆಲ್ಲ ಗಂಟು ಕಟ್ಟಿ ಹೊರಟರು. 1540ರಲ್ಲಿ ಹೊಸ ರಾಣಿ ಬಂದಾಗ ಆನ್ ಮತ್ತೆ ಸೇರಿಕೊಂಡಳು. ಅಕ್ಕನಿಗೂ ಜಾಗ ಸಿಗಲಿ ಅಂತ ತಾಯಿ ರಾಜನಿಗೆ ಹಣ್ಣಿನ ಮುರಬ್ಬ ಮಾಡಿ ಕಳಿಸಿದಳು. ರಾಜನಿಗೆ ಬಹಳ ಹಿಡಿಸಿತು, ಇನ್ನೂ ಬೇಕು ಅಂದ. ಕೆಲಸ ಮಾತ್ರ ಕೊಡಲಿಲ್ಲ.

ಇಷ್ಟೆಲ್ಲ ನಮಗೆ ಗೊತ್ತಿರುವುದಕ್ಕೂ ಒಂದು ಕಾರಣವಿದೆ. 1540ರಲ್ಲಿ ಲಾರ್ಡ್ ಲೈಲ್‌ನನ್ನು ದ್ರೋಹದ ಅನುಮಾನದ ಮೇಲೆ ಹಿಡಿದರು, ಮನೆಯ ಕಾಗದಪತ್ರ ಪೂರ್ತಿ ಜಪ್ತಿ ಮಾಡಿದರು. ಸರ್ಕಾರದ ಕೈಗೆ ಹೋದದ್ದರಿಂದಲೇ ಆ ಕಾಗದಗಳು ಉಳಿದವು.

ಸಂಬಳ ಎಷ್ಟು?

ಮೇಡ್ ಆಫ್ ಆನರ್‌ಗೆ ವರ್ಷಕ್ಕೆ 10 ಪೌಂಡ್. ಆಗ ಕೂಲಿಯವನ ದಿನಗೂಲಿ ನಾಲ್ಕೈದು ಪೆನ್ನಿ, ಪೌಂಡಿಗೆ 240 ಪೆನ್ನಿ. ಲೆಕ್ಕ ಹಾಕಿದರೆ ಕಡಿಮೆಯೇನಲ್ಲ. ಆದರೆ ಅರಮನೆಗೆ ತಕ್ಕ ರೇಷ್ಮೆ, ಮುತ್ತು, ವೆಲ್ವೆಟ್ಟಿಗೆ ಅದು ಎಲ್ಲಿ ಸಾಲುತ್ತದೆ? ಖರ್ಚೆಲ್ಲ ತವರಿನದ್ದು. ಊಟ, ಮೇಣದ ಬತ್ತಿ, ಸೌದೆ, ಏಲ್ ಅನ್ನುವ ಬಿಯರ್ ಅರಮನೆಯದ್ದು.

ಹಾಗಿದ್ದೂ ತವರಿನವರು ಮುಗಿಬೀಳುತ್ತಿದ್ದದ್ದು ಸಂಬಳಕ್ಕಲ್ಲ. ಊಟ ಬಡಿಸುವಾಗ ಒಂದು ಮಾತು ಸೇರಿಸುವ ಅವಕಾಶಕ್ಕೆ. ಲೇಡಿ ಸಸೆಕ್ಸ್ ಮಾಡಿದ್ದು ಅದನ್ನೇ ತಾನೆ? ಅಣ್ಣನಿಗೆ ಹುದ್ದೆ, ಅಪ್ಪನಿಗೆ ಜಮೀನು, ತನಗೆ ಒಳ್ಳೆಯ ಗಂಡು. ನಿಜವಾದ ಸಂಬಳ ಇದು.

ದಿನವಿಡೀ ಏನು ಮಾಡುತ್ತಿದ್ದರು?

ಕಾಯುತ್ತಿದ್ದರು. ರಾಣಿ ಏಳುವುದನ್ನು, ಪ್ರಾರ್ಥನೆ ಮುಗಿಸುವುದನ್ನು, ಊಟ ಮುಗಿಸುವುದನ್ನು. ಈ ನಡುವೆ ಹೊಲಿಗೆ, ಕಸೂತಿ, ಇಸ್ಪೀಟು, ವಾದ್ಯ, ಕುಣಿತ, ಬೇಟೆ. ಇಸ್ಪೀಟಿನಲ್ಲಿ ಹಣ ಕಟ್ಟಿಯೇ ಆಡುತ್ತಿದ್ದರು. ಬೇಸಿಗೆಯಲ್ಲಿ ಅರಮನೆಗೆ ಅರಮನೆಯೇ ಗಾಡಿ ಕಟ್ಟಿಕೊಂಡು ಊರೂರು ತಿರುಗುತ್ತಿತ್ತು. ರಾತ್ರಿ ರಾಣಿಯ ಕೋಣೆಯಲ್ಲೇ ಯಾರಾದರೂ ಒಬ್ಬ ಸಖಿ ಮಲಗಬೇಕು. ರಾಣಿಗೆ ಒಬ್ಬಳೇ ಇರುವುದು ಅಂದರೇನು ಅಂತಲೇ ಗೊತ್ತಿರಲಿಲ್ಲ.

ಬಟ್ಟೆ ಹಾಕಿಕೊಳ್ಳಲು ಅಷ್ಟೊಂದು ಜನ ಯಾಕೆ ಬೇಕು?

ಯಾಕೆಂದರೆ ಅದು ಒಂದು ಬಟ್ಟೆ ಅಲ್ಲ, ಬಿಡಿಭಾಗಗಳ ಜೋಡಣೆ. ಮೊದಲು ಸ್ಮಾಕ್ ಅನ್ನುವ ಲಿನನ್ ಒಳಂಗಿ, ಮೇಲೆ ಕರ್ಟಲ್ ಅನ್ನುವ ಉದ್ದನೆಯ ಉಡುಪು, ಅದರ ಮೇಲೆ ಗೌನ್. ತೋಳು ಬೇರೆ, ಎದೆಯ ಮುಂಭಾಗ ಬೇರೆ, ತಲೆಗೆ ಬೇರೆ. ಕೆಲವನ್ನು ದಾರದಿಂದ ಕಟ್ಟಬೇಕು, ಕೆಲವಕ್ಕೆ ಗುಂಡುಸೂಜಿ ಚುಚ್ಚಬೇಕು. ಅರಮನೆಗೆ ಗುಂಡುಸೂಜಿ ಸಾವಿರಗಟ್ಟಲೆ ತರಿಸುತ್ತಿದ್ದರು. ಸೀರೆಯ ನೆರಿಗೆಗೆ ಪಿನ್ ಹಾಕಿಕೊಂಡವರಿಗೆ ಈ ಕಷ್ಟ ಅರ್ಥವಾಗುತ್ತದೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಎಲ್ಲ ರಾಣಿಯರೂ ದುಂದು ಮಾಡಿದರು ಅಂತೇನಿಲ್ಲ. ಏಳನೇ ಹೆನ್ರಿಯ ರಾಣಿ ಎಲಿಜಬೆತ್ ಆಫ್ ಯಾರ್ಕ್ ತನ್ನ ಗೌನುಗಳನ್ನು ರಿಪೇರಿ ಮಾಡಿಸಿ ಮತ್ತೆ ಮತ್ತೆ ಉಟ್ಟದ್ದು ಆಕೆಯ ಖರ್ಚಿನ ಪುಸ್ತಕದಲ್ಲಿ ದಾಖಲಾಗಿದೆ.

ಸ್ನಾನವೇ ಮಾಡುತ್ತಿರಲಿಲ್ಲವಂತೆ?

ಅಷ್ಟು ಕೊಳಕರೇನಲ್ಲ. ಬಿಸಿನೀರಿನ ಸ್ನಾನದಿಂದ ಚರ್ಮದ ರಂಧ್ರ ತೆರೆದು ರೋಗ ಒಳಗೆ ಹೋಗುತ್ತದೆ ಅನ್ನುವ ಭಯ ಇತ್ತು, ನಿಜ. ಹಾಗಂತ ಹೆನ್ರಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಸ್ನಾನದ ಕೋಣೆಯೂ ಇತ್ತು. ದಿನನಿತ್ಯದ ಸ್ವಚ್ಛತೆ ಅಂದರೆ ಮೈಗೆ ತಾಗುವ ಲಿನನ್ ಬದಲಿಸುವುದು, ಕೈ ಮುಖ ತೊಳೆಯುವುದು. ಮೇಲಿನ ವೆಲ್ವೆಟ್ ಒಗೆಯಲು ಬರುವುದಿಲ್ಲ. ಬೆವರು ಹೀರುವ ಸ್ಮಾಕ್ ಒಗೆಯಬಹುದು.

ರಾಣಿಯರ ಬಾಣಂತನ ಹೇಗಿತ್ತು?

ನಮ್ಮ ಅಜ್ಜಿಯರ ಬಾಣಂತಿ ಕೋಣೆ ನೆನಪಿದೆಯಾ? ಗಾಳಿ ಬೀಸದಂತೆ ಮುಚ್ಚಿದ ಕಿಟಕಿ, ಒಳಗೆ ಕತ್ತಲೆ. ಅಲ್ಲಿ ಇದು ಹೆರಿಗೆಗೆ ಮೊದಲೇ ಶುರು. ಕೆಲವು ವಾರ ಮುಂಚೆ ರಾಣಿ ವಿಧಿಪೂರ್ವಕವಾಗಿ ‘ಕೋಣೆ ಸೇರುತ್ತಿದ್ದಳು’. ಗೋಡೆ, ಚಾವಣಿ, ಕಿಟಕಿಗಳಿಗೆಲ್ಲ ಬಟ್ಟೆಯ ಪರದೆ. ಬೆಳಕಿಗೆ ಒಂದೇ ಕಿಟಕಿ ಬಿಡಬೇಕು. ಆಮೇಲೆ ಗಂಡಸರಿಗೆ ಪ್ರವೇಶ ಬಂದ್. ಬಡಿಸುವುದು, ಪಾನೀಯ ತರುವುದು ಹೀಗೆ ಗಂಡಸರು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಆ ಅವಧಿಗೆ ಹೆಂಗಸರೇ ವಹಿಸಿಕೊಳ್ಳುತ್ತಿದ್ದರು. ಸಾಮಾನು ಬಾಗಿಲ ತನಕ ಮಾತ್ರ ಬರುತ್ತಿತ್ತು.

ಈ ನಿಯಮಗಳ ಜೊತೆ ಏಳನೇ ಹೆನ್ರಿಯ ತಾಯಿ ಮಾರ್ಗರೆಟ್ ಬ್ಯೂಫೋರ್ಟ್ ಹೆಸರು ಸೇರಿಕೊಂಡಿದೆ. ಆಕೆ ಮಗನನ್ನು ಹೆತ್ತಾಗ ಅವಳಿಗೆ 13 ವರ್ಷ. ಗಂಡ ಅಷ್ಟರಲ್ಲೇ ಸತ್ತಿದ್ದ. ಆಮೇಲೆ ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ.

ಗಂಡು ಮಗುವೇ ಬೇಕು ಅನ್ನುವ ಒತ್ತಡ ಎಷ್ಟಿತ್ತು ಅನ್ನುವುದಕ್ಕೆ ಒಂದು ಅಕ್ಷರ ಸಾಕ್ಷಿ. 1533ರಲ್ಲಿ ಆನ್ ಬೊಲಿನ್ ಹೆರಿಗೆಗೆ ಮೊದಲೇ ಸುದ್ದಿ ತಿಳಿಸುವ ಕಾಗದಗಳು ತಯಾರಾಗಿದ್ದವು. ‘ರಾಜಕುಮಾರ’ ಅಂತಲೇ ಬರೆದಿಟ್ಟಿದ್ದರು. ಸೆಪ್ಟೆಂಬರ್ 7ಕ್ಕೆ ಹುಟ್ಟಿದ್ದು ಹುಡುಗಿ. ಇಂಗ್ಲಿಷಿನ ಆ ಪದದ ಕೊನೆಗೆ ಒಂದು ‘ಎಸ್’ ತುರುಕಿ ರಾಜಕುಮಾರಿ ಅಂತ ಮಾಡಿ ಕಳಿಸಿದರು. ಹಾಗೆ ತುರುಕಿಸಿಕೊಂಡು ಬಂದ ಮಗುವೇ ಮುಂದೆ 44 ವರ್ಷ ಆಳಿದ ಎಲಿಜಬೆತ್.

ತಾಯಿ ಮೊಲೆ ಕೊಡುವ ಪದ್ಧತಿ ಇರಲಿಲ್ಲ, ದಾದಿಯರಿದ್ದರು. ಮೂರು ತಿಂಗಳ ಎಲಿಜಬೆತ್‌ಗೆ ಹ್ಯಾಟ್‌ಫೀಲ್ಡ್‌ನಲ್ಲಿ ಬೇರೆ ಮನೆಯನ್ನೇ ಮಾಡಿದರು. ಆನ್ ಆಗಾಗ ಹೋಗಿ ನೋಡಿಕೊಂಡು ಬರಬೇಕು, ಅಷ್ಟೇ.

ಹೆರಿಗೆ ಅಂದರೆ ಪಣ. ಎಲಿಜಬೆತ್ ಆಫ್ ಯಾರ್ಕ್ 1503ರಲ್ಲಿ ಹೆತ್ತ ಕೆಲವೇ ದಿನಕ್ಕೆ, ತನ್ನ 37ನೇ ಹುಟ್ಟುಹಬ್ಬದಂದೇ ಸತ್ತಳು. ಜೇನ್ ಸೀಮೋರ್ ಹೆತ್ತು 12ನೇ ದಿನಕ್ಕೆ. ಕ್ಯಾಥರಿನ್ ಪಾರ್ ಹೆನ್ರಿಯಿಂದ ಪಾರಾದಳು, ಮುಂದಿನ ಗಂಡನ ಮಗುವನ್ನು ಹೆತ್ತು 1548ರಲ್ಲಿ ತೀರಿಕೊಂಡಳು. ಇನ್ನು ಎಂಟನೇ ಹೆನ್ರಿಯ ಹಿರಿಯ ಮಗಳು, ಮುಂದೆ ತಾನೇ ಪಟ್ಟಕ್ಕೆ ಬಂದ ಮೊದಲನೇ ಮೇರಿಯದು ಬೇರೆಯೇ ಸಂಕಟ. 1555ರಲ್ಲಿ ಬಸುರಿ ಅಂತ ನಂಬಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೋಣೆ ಸೇರಿದಳು. ತೊಟ್ಟಿಲು ಸಿದ್ಧವಾಯಿತು. ಗಂಡು ಹುಟ್ಟಿತು ಅನ್ನುವ ಗಾಳಿಸುದ್ದಿಗೆ ಲಂಡನ್ನಿನಲ್ಲಿ ಗಂಟೆಯನ್ನೂ ಬಾರಿಸಿದರು. ಮಗು ಇರಲೇ ಇಲ್ಲ. ತಿಂಗಳುಗಟ್ಟಲೆ ಕಾದು ಸದ್ದಿಲ್ಲದೆ ಎದ್ದು ಹೊರಟಳು. ಆ ಕೋಣೆಯಲ್ಲಿದ್ದ ಸಖಿಯರು ಆಕೆಯ ಮುಖ ನೋಡಿದ್ದು ಹೇಗೋ.

ಸಖಿಯೇ ಸವತಿಯಾದರೆ?

ಮೂರು ಸಲ ಹಾಗೇ ಆಯಿತು. ಆನ್ ಬೊಲಿನ್ ಅರಗಾನ್‌ನ ಕ್ಯಾಥರಿನ್ ಬಳಿ ಇದ್ದವಳು. ಜೇನ್ ಸೀಮೋರ್ ಆನ್ ಬೊಲಿನ್ ಬಳಿ. ಕ್ಯಾಥರಿನ್ ಹೋವರ್ಡ್ ಕ್ಲೀವ್ಸ್‌ನ ಆನ್ ಬಳಿ. ರಾಜ ಹೆಂಡತಿಯ ಕೋಣೆಗೆ ಬರುತ್ತಿದ್ದ, ಅಲ್ಲಿ ಹುಡುಗಿಯರಿರುತ್ತಿದ್ದರು. ಬೇರೆಲ್ಲೂ ಹುಡುಕುವ ಶ್ರಮ ಅವನಿಗಿರಲಿಲ್ಲ.

ಮೊದಲ ಕ್ಯಾಥರಿನ್ ಎಷ್ಟು ಗಟ್ಟಿಗಿತ್ತಿ ಅಂದರೆ, ಗಂಡ ಬಿಡಲು ಹೊರಟಾಗಲೂ ಅವನ ಅಂಗಿ ಹೊಲಿಸಿಕೊಡುವುದನ್ನು ಬಿಡಲಿಲ್ಲ. ಅದು ಹೆಂಡತಿಯ ಕೆಲಸ, ಹೆಂಡತಿ ನಾನೇ ಅನ್ನುವ ಹಾಗೆ. ಇದು ಗೊತ್ತಾಗಿ ಆನ್ ಬೊಲಿನ್ ಕೆಂಡವಾದಳು.

ಆನ್ ಬೊಲಿನ್‌ಗೆ ಆರು ಬೆರಳಿದ್ದವಾ?

ಇಲ್ಲ. ಆಕೆ ಸತ್ತು ದಶಕಗಳಾದ ಮೇಲೆ, ಆಕೆಯ ಮಗಳನ್ನು ಕಂಡರಾಗದ ಒಬ್ಬ ಪಾದ್ರಿ ಬರೆದದ್ದು.

ರಾಣಿ ಬಿದ್ದರೆ ಸಖಿಯರ ಗತಿ?

ಬಿದ್ದ ರಾಣಿಯ ಮೇಲೆ ಮೊದಲು ಸಾಕ್ಷಿ ಕೇಳುವುದು ಸಖಿಯರ ಹತ್ತಿರವೇ. ಆನ್ ಬೊಲಿನ್‌ಳನ್ನು ಲಂಡನ್ ಟವರ್ ಅನ್ನುವ ಕೋಟೆಯ ಸೆರೆಯಲ್ಲಿ ಇಟ್ಟಾಗ ಜೊತೆಗಿಟ್ಟದ್ದು ಆಕೆಗೆ ಬೇಡವಾದ ಹೆಂಗಸರನ್ನು. ಆಕೆ ಆಡಿದ ಮಾತು ಟವರ್‌ನ ಅಧಿಕಾರಿಯ ಮೂಲಕ ಮಂತ್ರಿ ಕ್ರಾಮ್‌ವೆಲ್‌ಗೆ ಹೋಗುತ್ತಿತ್ತು.

ಅತಿ ಕೆಟ್ಟದಾಗಿ ಸಿಕ್ಕಿಬಿದ್ದವಳು ಜೇನ್ ಬೊಲಿನ್, ಲೇಡಿ ರೋಚ್‌ಫರ್ಡ್. ಆನ್ ಬೊಲಿನ್‌ಳ ಅತ್ತಿಗೆ. 1536ರಲ್ಲಿ ಗಂಡನನ್ನೂ ನಾದಿನಿಯನ್ನೂ ಕಳೆದುಕೊಂಡಳು. ಅಂಥ ಅರಮನೆಗೆ ಮತ್ತೆ ಬಂದಳು! ಕ್ಯಾಥರಿನ್ ಹೋವರ್ಡ್ ಕಾಲದಲ್ಲಿ, ಎಳೆಯ ರಾಣಿ ಮತ್ತು ರಾಜನ ಆಪ್ತ ಸೇವಕ ಥಾಮಸ್ ಕಲ್ಪೆಪರ್ ರಾತ್ರಿ ಕದ್ದು ಭೇಟಿಯಾಗಲು ಬಾಗಿಲು ಕಾದವಳು ಇವಳೇ. ಯಾಕೆ ಹಾಗೆ ಮಾಡಿದಳೋ, ರಾಣಿಯ ಮಾತು ಮೀರಲಾಗಲಿಲ್ಲವೋ. ಸಿಕ್ಕಿಬಿದ್ದ ಮೇಲೆ ಬುದ್ಧಿ ಕೆಟ್ಟಿತು. ಹುಚ್ಚಿದ್ದವರಿಗೆ ಗಲ್ಲಿನ ಶಿಕ್ಷೆ ಇಲ್ಲ ಅನ್ನುವ ಪದ್ಧತಿ ಇತ್ತು. ದ್ರೋಹದ ಕೇಸಿನಲ್ಲಿ ಹುಚ್ಚರನ್ನೂ ಕೊಲ್ಲಬಹುದು ಅಂತ ಹೆನ್ರಿ ಹೊಸ ಕಾನೂನೇ ಮಾಡಿಸಿದ. 1542ರ ಫೆಬ್ರವರಿ 13ಕ್ಕೆ ರಾಣಿಯ ಹಿಂದೆಯೇ ಇವಳ ತಲೆಯೂ ಹೋಯಿತು. ಹಿಂದಿನ ರಾತ್ರಿ ರಾಣಿ, ತಲೆಯಿಡುವ ಮರದ ದಿಮ್ಮಿಯನ್ನು ಕೋಣೆಗೆ ತರಿಸಿಕೊಂಡು ಹೇಗೆ ಇಡಬೇಕು ಅಂತ ಅಭ್ಯಾಸ ಮಾಡಿದಳಂತೆ.

ಕ್ಲೀವ್ಸ್‌ನ ಆನ್ ಕುರೂಪಿಯಾಗಿದ್ದಳಾ?

ಹೆನ್ರಿಗೆ ಹಿಡಿಸಲಿಲ್ಲ, ಅಷ್ಟೇ. 1540ರ ಜನವರಿ 6ಕ್ಕೆ ಮದುವೆ, ಜುಲೈ 9ಕ್ಕೆ ರದ್ದು. ಆಕೆ ಜಗಳವಾಡದೆ ಒಪ್ಪಿಕೊಂಡಳು. ರಿಚ್ಮಂಡ್ ಅರಮನೆ, ಹೀವರ್ ಕೋಟೆ, ಕೈತುಂಬಾ ಆದಾಯ, ‘ರಾಜನ ತಂಗಿ’ ಅನ್ನುವ ಮರ್ಯಾದೆ ಸಿಕ್ಕಿತು. ಆರು ಜನರಲ್ಲಿ ಕೊನೆಯವರೆಗೆ ಬದುಕಿದವಳು ಇವಳೇ, 1557ರ ತನಕ. ನನ್ನನ್ನು ಕೇಳಿದರೆ ಆರು ಜನರಲ್ಲಿ ಜಾಣೆ ಇವಳು.

ಓದು ಬರಹ, ಅಧಿಕಾರ ಏನಾದರೂ ಇತ್ತಾ?

ಎರಡೂ ಇತ್ತು, ರಾಜ ಬಿಟ್ಟಷ್ಟು. 1513ರಲ್ಲಿ ಹೆನ್ರಿ ಫ್ರಾನ್ಸಿನಲ್ಲಿ ಯುದ್ಧದಲ್ಲಿದ್ದಾಗ ರಾಜ್ಯ ನೋಡಿಕೊಂಡವಳು ಅರಗಾನ್‌ನ ಕ್ಯಾಥರಿನ್. ಆಗಲೇ ಸ್ಕಾಟ್ಲೆಂಡಿನವರು ದಾಳಿ ಮಾಡಿದರು, ಫ್ಲಾಡನ್‌ನಲ್ಲಿ ಅವರ ರಾಜ ಸತ್ತ. ಅವನ ಮೇಲಂಗಿಯನ್ನು ಆಕೆ ಗಂಡನಿಗೆ ಕಳಿಸಿಕೊಟ್ಟಳು. ಹೆಣವನ್ನೇ ಕಳಿಸೋಣ ಅಂದುಕೊಂಡಿದ್ದೆ, ನಮ್ಮ ಇಂಗ್ಲಿಷರಿಗೆ ಮನಸ್ಸು ಬರಲಿಲ್ಲ ಅಂತ ಕಾಗದ ಬರೆದಳು.

1544ರಲ್ಲಿ ಕ್ಯಾಥರಿನ್ ಪಾರ್ ಕೂಡ ಹೀಗೇ ರಾಜ್ಯ ನೋಡಿಕೊಂಡಳು. ಮರುವರ್ಷ ತನ್ನ ಹೆಸರಲ್ಲೇ ಪ್ರಾರ್ಥನೆಯ ಪುಸ್ತಕ ಅಚ್ಚುಹಾಕಿಸಿದಳು. ಇಂಗ್ಲೆಂಡಿನ ರಾಣಿಯೊಬ್ಬಳು ಸ್ವಂತ ಹೆಸರಿನಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಆದರೆ ಧರ್ಮದ ವಿಷಯ ಗಂಡನ ಜೊತೆ ವಾದಿಸಿ ಕುತ್ತಿಗೆಗೆ ತಂದುಕೊಂಡಳು. ಜಾನ್ ಫಾಕ್ಸ್ ಬರೆದ ಪ್ರಕಾರ 1546ರಲ್ಲಿ ಆಕೆಯನ್ನು ಹಿಡಿಯಲು ಹುಕುಂ ತಯಾರಾಗಿತ್ತು. ಸುಳಿವು ಸಿಕ್ಕ ರಾಣಿ ನೇರ ಹೆನ್ರಿ ಬಳಿ ಹೋದಳು. ನಾನು ವಾದಿಸಿದ್ದು ನಿಮ್ಮ ಕಾಲು ನೋವು ಮರೆಯಲಿ ಅಂತ, ನಿಮ್ಮಿಂದ ಕಲಿಯೋಣ ಅಂತ ಅಂದಳು. ಹೆನ್ರಿ ಕರಗಿದ. ಮರುದಿನ ಕಾವಲುಗಾರರ ಜೊತೆ ಹಿಡಿಯಲು ಬಂದ ಮಂತ್ರಿಗೇ ಬೈದು ಅಟ್ಟಿದ.

ಸಖಿಯರ ಕೈಬರಹವೂ ಉಳಿದಿದೆ. ಮಾರ್ಗರೆಟ್ ಡಗ್ಲಸ್, ಮೇರಿ ಶೆಲ್ಟನ್ ಮೊದಲಾದವರು ಒಂದು ನೋಟ್ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಾ ಕವಿತೆ ಬರೆದುಕೊಳ್ಳುತ್ತಿದ್ದರು. ಒಂದು ಪದ್ಯದ ಪಕ್ಕದಲ್ಲಿ ಒಬ್ಬಳು ‘ಇದನ್ನು ಮರೆತುಬಿಡು’ ಅಂತ ಬರೆದರೆ, ಇನ್ನೊಬ್ಬಳು ಅದರ ಕೆಳಗೆ ‘ಚೆನ್ನಾಗಿದೆ’ ಅನ್ನುವ ಅರ್ಥದಲ್ಲಿ ಉತ್ತರ ಗೀಚಿದ್ದಾಳೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯರ ಹಾಗೆ. ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಎಲಿಜಬೆತ್ ತನ್ನ ಸಖಿಯರಿಗೆ ಮದುವೆಯಾಗಲು ಬಿಡುತ್ತಿರಲಿಲ್ಲವಾ?

ಕೇಳಿ ಆದರೆ ಬಿಡುತ್ತಿದ್ದಳು, ಅದೂ ಸುಲಭಕ್ಕಲ್ಲ. ಕದ್ದು ಆದರೆ ಮುಗಿಯಿತು. ಮೇರಿ ಶೆಲ್ಟನ್ (ಮೇಲೆ ಹೇಳಿದವಳಲ್ಲ, ಅದೇ ಮನೆತನದ ಇನ್ನೊಬ್ಬಳು) ಗುಟ್ಟಾಗಿ ಮದುವೆಯಾದಳು ಅಂತ ರಾಣಿ ಹೊಡೆದ ಏಟಿಗೆ ಆಕೆಯ ಬೆರಳು ಮುರಿಯಿತು ಅನ್ನುವ ಮಾತು ಆಗ ಅರಮನೆಯಲ್ಲೇ ಓಡಾಡಿತ್ತು.

ಕ್ಯಾಥರಿನ್ ಗ್ರೇ ಕತೆ ಇನ್ನೂ ಕರುಣೆಯದ್ದು. ಪಟ್ಟಕ್ಕೆ ಹಕ್ಕಿದ್ದ ವಂಶದವಳು. 1560ರ ಡಿಸೆಂಬರಿನಲ್ಲಿ ರಾಣಿ ಬೇಟೆಗೆ ಹೋದ ದಿನ, ಹಲ್ಲುನೋವು ಅಂತ ನೆಪ ಹೇಳಿ ಉಳಿದುಕೊಂಡಳು. ಎಡ್ವರ್ಡ್ ಸೀಮೋರ್ ಮನೆಗೆ ನಡೆದು ಹೋಗಿ ಅವನನ್ನು ಮದುವೆಯಾದಳು. ಸಾಕ್ಷಿ ಒಬ್ಬಳೇ, ಅವನ ತಂಗಿ. ಮುಂದಿನ ವರ್ಷ ಅವಳು ಸತ್ತಳು. ಮದುವೆ ಮಾಡಿಸಿದ ಪಾದ್ರಿ ಸಿಗಲಿಲ್ಲ. ಹೊಟ್ಟೆ ಮಾತ್ರ ಮುಚ್ಚಿಡಲಾಗಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಟವರ್‌ಗೆ ಹಾಕಿದರು, ಮದುವೆ ನಡೆದೇ ಇಲ್ಲ ಅಂತ ತೀರ್ಪಾಯಿತು. ಅಲ್ಲೂ ಕಾವಲುಗಾರರ ಕರುಣೆಯಿಂದ ಇಬ್ಬರೂ ಸೇರಿ, ಎರಡನೇ ಮಗುವೂ ಟವರ್‌ನಲ್ಲೇ ಹುಟ್ಟಿತು. ಆಮೇಲೆ ಬೇರೆ ಬೇರೆ ಮಾಡಿದರು. 1568ರಲ್ಲಿ 27ನೇ ವಯಸ್ಸಿಗೆ, ಇನ್ನೂ ಬಂಧನದಲ್ಲೇ ಸತ್ತಳು.

ಹಾಗಂತ ಎಲಿಜಬೆತ್ ಸುತ್ತ ಇದ್ದವರೆಲ್ಲ ಹೆದರಿಕೊಂಡೇ ಇದ್ದರು ಅನ್ನುವುದೂ ತಪ್ಪು. 1562ರಲ್ಲಿ ರಾಣಿಗೆ ಸಿಡುಬು ಬಂದಾಗ ಪಕ್ಕದಲ್ಲೇ ಇದ್ದು ಆರೈಕೆ ಮಾಡಿದವಳು ಮೇರಿ ಸಿಡ್ನಿ. ರಾಣಿ ಉಳಿದಳು. ಮೇರಿಗೆ ಸಿಡುಬು ಅಂಟಿ ಮುಖ ಪೂರ್ತಿ ಹಾಳಾಯಿತು.

ಇವರ ಗುರುತು ಈಗ ಎಲ್ಲಿ ನೋಡಬಹುದು?

ಹ್ಯಾಂಪ್ಟನ್ ಕೋರ್ಟ್, ಲಂಡನ್ ಟವರ್ ಎಲ್ಲರೂ ಹೋಗುತ್ತಾರೆ. ಪೀಟರ್‌ಬರೋ ಚರ್ಚಿನಲ್ಲಿ ಅರಗಾನ್‌ನ ಕ್ಯಾಥರಿನ್ ಸಮಾಧಿ ಇದೆ. ದಾಳಿಂಬೆ ಆಕೆಯ ಲಾಂಛನ, ಜನ ಇವತ್ತಿಗೂ ಅಲ್ಲಿ ದಾಳಿಂಬೆ ಇಟ್ಟು ಬರುತ್ತಾರೆ.

ಪುರುಸೊತ್ತಿದ್ದರೆ ವೇಲ್ಸ್ ಗಡಿಯ ಬ್ಯಾಕ್ಟನ್ ಅನ್ನುವ ಹಳ್ಳಿಯ ಚರ್ಚಿಗೆ ಹೋಗಿ. ಎಲಿಜಬೆತ್ ತೊಟ್ಟಿಲಲ್ಲಿದ್ದಾಗಿನಿಂದ ಜೊತೆಗಿದ್ದ ಬ್ಲಾಂಚ್ ಪ್ಯಾರಿಯ ಊರು ಅದು. ಮದುವೆಯಾಗದೆ, 1590ರಲ್ಲಿ ಸಾಯುವ ತನಕ ರಾಣಿಯ ಬಳಿಯೇ ಇದ್ದಳು. ತಾನು ಬದುಕಿದ್ದಾಗಲೇ ಅಲ್ಲಿ ಒಂದು ಸ್ಮಾರಕ ಮಾಡಿಸಿದ್ದಳು: ರಾಣಿಯ ಪಕ್ಕದಲ್ಲಿ ಮಂಡಿಯೂರಿದ ಬ್ಲಾಂಚ್. ಅದೇ ಚರ್ಚಿನಲ್ಲಿ ಹೂಬಳ್ಳಿ ಕಸೂತಿಯ ಒಂದು ಹಳೇ ಬಟ್ಟೆ ಇತ್ತು. ಬಹಳ ಕಾಲ ಪೂಜೆಯ ಮೇಜಿಗೆ ಹಾಸುತ್ತಿದ್ದರು, ಆಮೇಲೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ತಜ್ಞರು ಬಂದು ನೋಡಿದರೆ ಬೆಳ್ಳಿ ಎಳೆಯ ನೇಯ್ಗೆ, ಹೊಲಿಗೆ ಬಿಚ್ಚಿದ ಗುರುತು. ಎಲಿಜಬೆತ್ ರಾಣಿಯ ಗೌನಿನದ್ದೇ ತುಂಡು ಇರಬೇಕು ಅಂತ ಈಗ ಅವರ ಅಂದಾಜು.